ಅಲುಗಾಡದ ಪ್ರಜೆಗಳೂ ದಿವ್ಯಚಕ್ಷು ಕ್ಯಾಮೆರಾವೂ

ಬಹಳ ಹಿಂದೆ ಒಂದು ರಾಜ್ಯವಿತ್ತು. ಎಷ್ಟು ಹಿಂದೆ ಎಂದರೆ, ಅಲ್ಲಿ ಆನೆಲಾಯವೂ ಇತ್ತು, ಆನ್‌ಲೈನ್ ಆರ್ಡರೂ ಇತ್ತು. ಎರಡನ್ನೂ ಸಾಕುವ ಖರ್ಚು ಪ್ರಜೆಗಳದೇ ಆಗಿತ್ತು. ಬಿಂಬಾವತಿ ಎಂಬ ಆ ರಾಜ್ಯವನ್ನು ಶ್ರೀಮನ್ಮಹಾರಾಜ ಮುಕುರಸೇನನು ಕನ್ನಡಿಯ ಎದುರು ಬಿಡುವಾದಾಗಲೆಲ್ಲ ಧರ್ಮದಿಂದ ಆಳುತ್ತಿದ್ದನು.

ಒಂದು ದಿನ ನೆರೆರಾಜ್ಯದ ದೊರೆಯಿಂದ ಹಬ್ಬದ ಶುಭಾಶಯದ ಜೊತೆಗೆ ಒಂದು ಛಾಯಾಚಿತ್ರ ಬಂತು. ಚಿತ್ರದಲ್ಲಿ ಆ ದೊರೆ ತೇರಿನಷ್ಟು ಎತ್ತರದ ಆನೆಯ ಮೇಲೆ ಕುಳಿತಿದ್ದ. ಸುತ್ತ ಜನ ಕುಣಿಯುತ್ತಿದ್ದರು. ಆನೆ ಸೊಂಡಿಲೆತ್ತಿ ಚಿಮ್ಮಿಸಿದ ನೀರಿನ ಒಂದೊಂದು ಹನಿಯೂ ಗಾಳಿಯಲ್ಲಿ ಬಿಡಿಬಿಡಿಯಾಗಿ ನಿಂತಿತ್ತು. ಮುಕುರಸೇನ ಆ ಚಿತ್ರವನ್ನು ನೋಡಿದ, ಮತ್ತೆ ನೋಡಿದ, ಊಟ ಬಿಟ್ಟ.

"ಇದನ್ನು ತೆಗೆದದ್ದು ಯಾವ ಯಂತ್ರ?" ಎಂದು ಕೇಳಿದ.

"ಡಿಎಸ್‌ಎಲ್‌ಆರ್ ಅನ್ನುತ್ತಾರೆ ಪ್ರಭು," ಎಂದ ಮಹಾಮಂತ್ರಿ ಸಮ್ಮತಿರಾಯ. "ನಮ್ಮ ಆಸ್ಥಾನದ ಪರಿಭಾಷಾ ಸಮಿತಿ ಅದನ್ನು 'ಅಂಕೀಯ ಏಕಮಸೂರ ಪ್ರತಿಫಲನ ಯಂತ್ರ' ಎಂದು ಕರೆದಿದೆ. 'ಏಕ' ಬೇಕೋ ಬೇಡವೋ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ."

"ಚರ್ಚೆ ನಡೆಯಲಿ. ನಮ್ಮ ಪಟ್ಟಾಭಿಷೇಕದ ವಾರ್ಷಿಕೋತ್ಸವಕ್ಕೆ ನಮಗೂ ಒಂದು ಬೇಕು. ಅವರದಕ್ಕಿಂತ ಒಳ್ಳೆಯದು."

ಸಾಮಾನು ಕೊಳ್ಳುವ ಕೆಲಸ ಉಗ್ರಾಣಾಧಿಕಾರಿಯದು. ಆಗ ಆ ಹುದ್ದೆಯಲ್ಲಿದ್ದವನು ತಿಪ್ಪರಸ. ಮಾತು ಕಡಿಮೆ, ಬೆವರು ಜಾಸ್ತಿ ಎಂಬಂಥ ಮನುಷ್ಯ. ಬೆವರುವುದಕ್ಕೆ ಕಾರಣವೂ ಇತ್ತು. ಅವನಿಗಿಂತ ಮುಂಚೆ ಆ ಹುದ್ದೆಯಲ್ಲಿದ್ದವನು ಅರಮನೆಗೆ ಒಂದು ದೂರದರ್ಶಕ ಕೊಂಡುತಂದಿದ್ದ. ಮಹಾರಾಜ ಅದನ್ನು ತಿರುಗುಮುರುಗಾಗಿ ಹಿಡಿದು ಕೋಟೆಯ ಮೇಲಿಂದ ನೋಡಿದ. ರಾಜ್ಯವನ್ನು ಕಿರಿದಾಗಿ ತೋರಿಸಿದ ರಾಜದ್ರೋಹಕ್ಕಾಗಿ ಆ ಅಧಿಕಾರಿ ಗಡಿಯಲ್ಲಿ ಉಪ್ಪಿನ ಗದ್ದೆ ಕಾಯುತ್ತಿದ್ದ.

"ತಜ್ಞರ ವಿಮರ್ಶೆಗಳನ್ನು ಓದಿ, ಯೋಚಿಸಿ ಕೊಳ್ಳತಕ್ಕದ್ದು," ಎಂದು ಆಜ್ಞೆಯಾಯಿತು. ತಿಪ್ಪರಸನಿಗೆ ತುಸು ಸಮಾಧಾನವಾಯಿತು. ತಜ್ಞರು ಹೇಳಿದ್ದನ್ನು ಕೊಂಡರೆ ತಪ್ಪು ತಜ್ಞರದಾಗುತ್ತದಲ್ಲವೇ?

ಬಿಂಬಾವತಿಯಲ್ಲಿ ತಜ್ಞರಿಗೆ ಬರವಿರಲಿಲ್ಲ. ಪೇಟೆಬೀದಿಗೆ ಹೋದರೆ ಒಂದು ಜಗಲಿ ಬಿಟ್ಟು ಒಂದು ಜಗಲಿಯ ಮೇಲೆ ಒಬ್ಬ ತಜ್ಞ, ಎದುರಿಗೆ ಬಾಯಿಬಿಟ್ಟುಕೊಂಡು ನಿಂತ ಜನ. ತಿಪ್ಪರಸನೂ ಗುಂಪಿನಲ್ಲಿ ತೂರಿಕೊಂಡು ನಿಂತ. ತಜ್ಞ ಒಂದು ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿ ತೋರಿಸಿದ. ಮುಚ್ಚಳ ತೆರೆದ. ಒಳಗಿನ ವಾಸನೆ ಎಳೆದುಕೊಂಡ. ಕಣ್ಣಲ್ಲಿ ನೀರು ತಂದುಕೊಂಡ. "ಸ್ನೇಹಿತರೇ, ಇದು ದಿವ್ಯಚಕ್ಷು!" ಎಂದ. ಜನ ಚಪ್ಪಾಳೆ ತಟ್ಟಿದರು. ತಜ್ಞ ಪೆಟ್ಟಿಗೆಯನ್ನು ಮುಚ್ಚಿ ಒಳಗಿಟ್ಟ.

"ಸ್ವಾಮಿ, ಇದರಲ್ಲಿ ಚಿತ್ರ ಹೇಗೆ ಬರುತ್ತದೆ?" ಎಂದು ತಿಪ್ಪರಸ ಕೇಳಿದ.

"ಚಿತ್ರವೇ?" ತಜ್ಞ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಪೆಟ್ಟಿಗೆ ನೋಡಿದಿರಲ್ಲ, ಇನ್ನೂ ಚಿತ್ರ ಬೇಕೇ ನಿಮಗೆ?"

ಇನ್ನು ಬರೆಹದ ವಿಮರ್ಶೆಗಳು. ತಿಪ್ಪರಸ ಸಿಕ್ಕಿದ್ದನ್ನೆಲ್ಲ ಮನೆಗೆ ಹೊತ್ತುತಂದು ಓದಲು ಕುಳಿತ. ಒಬ್ಬರು ಪ್ರೊಫೆಸರು, ಒಬ್ಬರು ಸಂಚಾರಿ, ಒಬ್ಬರು "ನಾನೊಬ್ಬ ಸಾಧಾರಣ ಗೃಹಿಣಿ" ಎಂದು ಹೇಳಿಕೊಂಡವರು. ಎಲ್ಲರೂ ದಿವ್ಯಚಕ್ಷುವಿಗೆ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದರು. ಓದುತ್ತ ಓದುತ್ತ ಅವನ ಹುಬ್ಬು ಗಂಟಿಕ್ಕಿತು. ಪ್ರೊಫೆಸರು 'ಅದ್ಭುತ' ಎಂಬ ಪದವನ್ನು 'ಅಧ್ಬುತ' ಎಂದು ಬರೆದಿದ್ದರು. ಇರಲಿ, ದೊಡ್ಡವರು. ಸಂಚಾರಿಯೂ 'ಅಧ್ಬುತ' ಎಂದೇ ಬರೆದಿದ್ದ. ಗೃಹಿಣಿಯೂ ಅದೇ. ದೇಶದ ತಜ್ಞರೆಲ್ಲ ಒಂದೇ ಅಕ್ಷರಕ್ಕೆ ಒಂದೇ ಜಾಗದಲ್ಲಿ ಎಡವಿದ್ದರು.

ಆ ಎಡವುವಿಕೆ ಅವನಿಗೆ ಗೊತ್ತಿದ್ದದ್ದೇ. ಮಹಾಮಂತ್ರಿ ಸಮ್ಮತಿರಾಯನ ಮನೆಯಿಂದ ಅರಮನೆಗೆ ಬರುತ್ತಿದ್ದ ಪ್ರತಿಯೊಂದು ಓಲೆಯಲ್ಲೂ 'ಮಹಾಪ್ರಭುಗಳ ಅಧ್ಬುತ ಆಡಳಿತ' ಇದ್ದೇ ಇರುತ್ತಿತ್ತು. ದಿವ್ಯಚಕ್ಷುವನ್ನು ಹಡಗಿನಲ್ಲಿ ತರಿಸಿ ಮಾರುವವನು ಮಹಾಮಂತ್ರಿಯ ಭಾವಮೈದ ಎಂಬುದೂ ಊರಿಗೆಲ್ಲ ಗೊತ್ತು.

ತಿಪ್ಪರಸ ಕಾಗದಗಳನ್ನು ಪಕ್ಕಕ್ಕೆ ತಳ್ಳಿ ತಲೆಯ ಮೇಲೆ ಕೈಹೊತ್ತು ಕುಳಿತ. ಹೆಂಡತಿ ಹೊನ್ನಾಂಬೆ ಮಜ್ಜಿಗೆ ತಂದಿಟ್ಟಳು.

"ಏನ್ರೀ, ಒಂದು ಮಡಕೆ ಕೊಳ್ಳೋಕೂ ನಾನು ಬೆರಳಲ್ಲಿ ತಟ್ಟಿ ನೋಡ್ತೀನಿ. ಇಷ್ಟು ಜನರಲ್ಲಿ ತಟ್ಟಿ ನೋಡಿದವರು ಒಬ್ಬರೂ ಇಲ್ಲವಾ?"

"ತಟ್ಟಿ ನೋಡಿದವರನ್ನು ಎಲ್ಲಿ ಹುಡುಕಲಿ?"

"ಬಾಚಲೆಯವರ ಹತ್ತಿರ ಹೋಗಿ. ಬೆಳಕಿನ ಶಾಸ್ತ್ರ ಹೇಳಿಕೊಡ್ತಿದ್ದರಲ್ಲ ವಿದ್ಯಾಶಾಲೆಯಲ್ಲಿ, ಅವರು. ಜಗಳಗಂಟಿ ಅಂತ ಹೆಸರು, ಆದರೆ ಸುಳ್ಳು ಹೇಳಿದ್ದು ನಾನು ಕೇಳಿಲ್ಲ."

ವಿದುಷಿ ಬಾಚಲೆ ಊರಾಚೆ ಕೆರೆಯ ಏರಿಯ ಹತ್ತಿರ ಇದ್ದಳು. ರಾಜಮುದ್ರೆಯಿದ್ದ ಒಂದು ಕನ್ನಡಕಕ್ಕೆ ಅರ್ಧ ನಕ್ಷತ್ರ ಕಡಿಮೆ ಕೊಟ್ಟ ಮೇಲೆ ವಿದ್ಯಾಶಾಲೆ ಅವಳನ್ನು ಬಿಟ್ಟಿತ್ತು, ಅವಳು ವಿದ್ಯೆಯನ್ನು ಬಿಟ್ಟಿರಲಿಲ್ಲ. ಕ್ಯಾಮೆರಾಗಳನ್ನು ಬಾಡಿಗೆಗೆ ತಂದು, ಬಿಸಿಲಲ್ಲಿ, ಮಂಜಲ್ಲಿ, ಅಡುಗೆಮನೆಯ ಹೊಗೆಯಲ್ಲಿ ಚಿತ್ರ ತೆಗೆದು, ಒಳ್ಳೆಯದು ಕೆಟ್ಟದ್ದು ಎರಡನ್ನೂ ಬರೆದು ಹಂಚುತ್ತಿದ್ದಳು. ಯಾರೂ ಓದುತ್ತಿರಲಿಲ್ಲ. ಕೊನೆಯಲ್ಲಿ 'ಇದನ್ನೇ ಕೊಳ್ಳಿ' ಎಂಬ ಮಾತಿಲ್ಲದ ವಿಮರ್ಶೆಯನ್ನು ಓದಿ ಏನು ಪ್ರಯೋಜನ ಎಂಬುದು ಜನರ ವಾದ.

"ತಾಯಿ, ಯಾವುದು ಎಲ್ಲಕ್ಕಿಂತ ಒಳ್ಳೆಯ ಕ್ಯಾಮೆರಾ?" ಎಂದು ತಿಪ್ಪರಸ ಬಾಗಿಲಲ್ಲೇ ಕೇಳಿದ.

"ಯಾವುದು ಎಲ್ಲಕ್ಕಿಂತ ಒಳ್ಳೆಯ ಚಪ್ಪಲಿ?" ಎಂದಳು ಬಾಚಲೆ.

"ಅದು... ಯಾರ ಕಾಲಿಗೆ ಎಂಬುದರ ಮೇಲೆ."

"ಅಷ್ಟು ಗೊತ್ತಿದ್ದರೆ ಒಳಗೆ ಬನ್ನಿ."

ಅವಳು ಎರಡು ಚಿತ್ರಗಳನ್ನು ಮುಂದಿಟ್ಟಳು. ಎರಡೂ ದಿವ್ಯಚಕ್ಷುವಿನಲ್ಲಿ ತೆಗೆದವು. ಒಂದರಲ್ಲಿ ತಾಮ್ರದ ಬಿಂದಿಗೆ ಎಷ್ಟು ಚೆಂದ ಬಂದಿತ್ತೆಂದರೆ ತಿಪ್ಪರಸನಿಗೆ ಬಾಯಾರಿಕೆಯಾಯಿತು. ಇನ್ನೊಂದರಲ್ಲಿ ಬೂದುಬಣ್ಣದ ಒಂದು ಗೀಚು ಇತ್ತು, ಅಷ್ಟೆ.

"ಇದೇನು?"

"ನಮ್ಮ ಮನೆಯ ಬೆಕ್ಕು. ಓಡುತ್ತಿತ್ತು. ದಿವ್ಯಚಕ್ಷುವಿನ ಗುಂಡಿ ಒತ್ತಿದರೆ ಅದು ನಿಮ್ಮ ಕಚೇರಿಯಂತೆ ಮೊದಲು ಯೋಚಿಸುತ್ತದೆ, ಆಮೇಲೆ ನಿಧಾನವಾಗಿ ಕಣ್ಣು ತೆರೆಯುತ್ತದೆ, ತೆರೆದದ್ದನ್ನು ಬೇಗ ಮುಚ್ಚುವುದಿಲ್ಲ. ಅಷ್ಟರಲ್ಲಿ ಬೆಕ್ಕು ಹಾಲು ಕುಡಿದು ಹೋಗಿರುತ್ತದೆ." ಅವಳು ಮತ್ತೊಂದು ಚಿತ್ರ ತೆಗೆದಳು. ಅದೇ ಬೆಕ್ಕು, ನೆಲದಿಂದ ಮೇಲೆ, ಹಾರುವ ಹೊತ್ತಿನಲ್ಲಿ, ಮೀಸೆಯ ಎಳೆ ಎಳೆ ಸಮೇತ. "ಇದು ಕಾಗೆಗಣ್ಣು ಅನ್ನುವ ಕ್ಯಾಮೆರಾದ್ದು. ನೋಡೋಕೆ ಚೆನ್ನಾಗಿಲ್ಲ, ಪೆಟ್ಟಿಗೆ ಗೋಣಿಚೀಲದ ಹಾಗಿದೆ. ಅದಕ್ಕೇ ಯಾರೂ ಹೊಗಳಲ್ಲ. ಈಗ ಹೇಳಿ ತಿಪ್ಪರಸರೇ, ನಿಮ್ಮ ಮಹಾರಾಜರು ಏನನ್ನು ಚಿತ್ರ ತೆಗೆಸಬೇಕು ಅಂತಿದ್ದಾರೆ? ಬಿಂದಿಗೆಯನ್ನೋ, ಬೆಕ್ಕನ್ನೋ?"

ಇಷ್ಟು ದಿನ ಇಷ್ಟು ಜನ ಸೇರಿ ಕ್ಯಾಮೆರಾದ ಮಾತಾಡಿದ್ದರು. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಮರುದಿನ ತುಂಬಿದ ಸಭೆಯಲ್ಲಿ ಅವನು ಕೈಮುಗಿದು ನಿಂತ. "ಮಹಾಪ್ರಭು, ತಾವು ಕ್ಯಾಮೆರಾದಿಂದ ಏನನ್ನು ತೆಗೆಸಬೇಕೆಂದಿದ್ದೀರಿ?"

ಕೊಳ್ಳುವ ಮುಂಚೆ ಏಕೆ ಎಂದು ಕೇಳುವುದು ಆ ಆಸ್ಥಾನದ ಸಂಪ್ರದಾಯವಾಗಿರಲಿಲ್ಲ. ಮಹಾರಾಜ ಮೀಸೆ ನೀವಿಕೊಂಡ. ಹೀಗೊಂದು ವಿಷಯವೂ ಇದೆಯೆಂದು ಅವನಿಗೂ ಆಗಲೇ ಹೊಳೆದದ್ದು.

"ನಮ್ಮ ಪ್ರಜೆಗಳ ಉತ್ಸಾಹವನ್ನು," ಎಂದ ಕೊನೆಗೆ. "ನಾವು ಮಧ್ಯದಲ್ಲಿ. ಸುತ್ತ ಕುಣಿಯುವ, ಜಯಕಾರ ಹಾಕುವ ಪ್ರಜೆಗಳು."

"ಅಧ್ಬುತ!" ಎಂದ ಮಹಾಮಂತ್ರಿ. ಅವನು ಮಾತಾಡುವಾಗಲೂ ಮಹಾಪ್ರಾಣ ತಪ್ಪಾದ ಜಾಗದಲ್ಲೇ ಬೀಳುತ್ತಿತ್ತು.

ಅಲ್ಲಿಗೆ ತಿಪ್ಪರಸನ ದಾರಿ ನಿಚ್ಚಳವಾಯಿತು. ಬಾಚಲೆ ಬರೆದುಕೊಟ್ಟ ವಿಮರ್ಶೆಯನ್ನು ಸಭೆಯ ಮುಂದಿಟ್ಟ. ಮಹಾಮಂತ್ರಿ ಅದನ್ನು ಎತ್ತಿಕೊಂಡು ಗಟ್ಟಿಯಾಗಿ ಓದಿದ: "'ದಿವ್ಯಚಕ್ಷುವಿನ ಚಿತ್ರಗಳು ಬಹಳ ಸುಂದರ.' ಕೇಳಿದಿರಾ ಪ್ರಭು! ನಮ್ಮ ರಾಜ್ಯದ ಅತ್ಯಂತ ನಿಷ್ಠುರ ವಿಮರ್ಶಕಿಯ ಮಾತು!" ಹೇಳುತ್ತಲೇ ಕಾಗದ ಮಡಚತೊಡಗಿದ.

ತಿಪ್ಪರಸನ ಬೆನ್ನಲ್ಲಿ ಬೆವರಿಳಿಯಿತು. ಉಪ್ಪಿನ ಗದ್ದೆ ಕಣ್ಣಮುಂದೆ ಬಂತು. ಆದರೆ ಆ ಬೂದುಬಣ್ಣದ ಗೀಚೂ ಬಂತು. "ವಾಕ್ಯ ಇನ್ನೂ ಮುಗಿದಿಲ್ಲ ಪ್ರಭು," ಎಂದ. ತನ್ನ ದನಿ ತನಗೇ ಬೇರೆಯವರದೆನಿಸಿತು. "'ಬಹಳ ಸುಂದರ, ಎದುರಿಗಿರುವುದು ಅಲುಗಾಡದಿದ್ದರೆ. ಅಲುಗಾಡುವ ಯಾವುದರ ಮುಂದೆಯೂ ಈ ಕ್ಯಾಮೆರಾ ನಿಷ್ಪ್ರಯೋಜಕ' ಎಂದಿದೆ."

ಮಹಾಮಂತ್ರಿಯ ಮುಖ ಬೂದಿಯಾಯಿತು. ಮುಕುರಸೇನ ಕಣ್ಣುಮುಚ್ಚಿ ಬಹಳ ಹೊತ್ತು ಯೋಚಿಸಿದ. ಅವನು ಯೋಚಿಸುವುದು ಅಪರೂಪವಾದ್ದರಿಂದ ಭಟರು ಚಾಮರ ಬೀಸುವುದನ್ನೂ ನಿಲ್ಲಿಸಿದರು.

"ಇದು ನಿಜಕ್ಕೂ ನಂಬತಕ್ಕ ವಿಮರ್ಶೆ," ಎಂದ ಮಹಾರಾಜ. ತಿಪ್ಪರಸನ ಎದೆ ಹಗುರಾಯಿತು. "ಹಾಗಾದರೆ ದೋಷವಿರುವುದು ಎಲ್ಲಿ?"

ಮಹಾಮಂತ್ರಿಯ ಮುಖಕ್ಕೆ ರಕ್ತ ಮರಳಿತು. "ಅಲುಗಾಟದಲ್ಲಿ ಪ್ರಭು! ಯಂತ್ರ ತನ್ನ ಕೆಲಸ ಮಾಡುತ್ತಿದೆ. ಪ್ರಜೆಗಳು ಸಹಕರಿಸುತ್ತಿಲ್ಲ."

"ಸರಿಯಾಗಿ ಹೇಳಿದಿರಿ. ದಿವ್ಯಚಕ್ಷುವನ್ನೇ ಕೊಳ್ಳಿ. ಪ್ರಜೆಗಳನ್ನು ನಿಲ್ಲಿಸಿ. ದೋಷವನ್ನು ಧೈರ್ಯವಾಗಿ ತೋರಿಸಿಕೊಟ್ಟ ತಿಪ್ಪರಸನಿಗೆ ಶಾಲು ಹೊದಿಸಿ."

ತಿಪ್ಪರಸ ಬಾಯಿ ತೆರೆದ. ಶಾಲು ಬಂದು ಹೆಗಲ ಮೇಲೆ ಕುಳಿತಿತು. ಉಪ್ಪಿನ ಗದ್ದೆ ತಪ್ಪಿತಲ್ಲ ಎಂಬ ಸಮಾಧಾನ ಮೊದಲು ಬಂತು, ನಾಚಿಕೆ ಅದರ ಹಿಂದೆಯೇ ಬಂತು. ತೆರೆದ ಬಾಯಿಯನ್ನು ಅವನು ಹಾಗೆಯೇ ಮುಚ್ಚಿಕೊಂಡ.

ಮುಂದಿನದು ಆಡಳಿತದ ಕೆಲಸ. 'ನಿಶ್ಚಲ ಉತ್ಸಾಹ ಅಭಿಯಾನ' ಶುರುವಾಯಿತು. ಉತ್ಸವದ ದಿನ ಪ್ರಜೆಗಳು ಎರಡೂ ಕೈ ಮೇಲೆತ್ತಿ, ಜಯಕಾರಕ್ಕೆ ಬೇಕಾದಷ್ಟು ಬಾಯಿ ತೆರೆದು, ಶಬ್ದ ಮಾಡದೆ ನಿಲ್ಲತಕ್ಕದ್ದು. ಶಬ್ದವನ್ನು ಆಮೇಲೆ ಪ್ರತ್ಯೇಕವಾಗಿ ಹಾಕಲಾಗುವುದು. ಕುಣಿಯುವವರು ಒಂದು ಕಾಲೆತ್ತಿ ನಿಲ್ಲತಕ್ಕದ್ದು. ಎತ್ತಿದ ಕಾಲಿಗೆ ಸರ್ಕಾರದಿಂದ ಊರುಗೋಲು ಒದಗಿಸಲಾಗುವುದು, ಬಾಡಿಗೆ ಪ್ರಜೆಗಳದು. ಗಾಳಿಗೆ ನೋಟಿಸು ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲದ್ದರಿಂದ ಬಾವುಟಗಳಿಗೆ ಗಂಜಿ ಹಾಕಲಾಯಿತು. ಅಂಗಡಿ ಅಂಗಡಿಯಲ್ಲೂ ದಿವ್ಯಚಕ್ಷುವಿನ ಪೆಟ್ಟಿಗೆಯ ಮೇಲೆ ಹೊಸ ಚೀಟಿ ಅಂಟಿತು: "ಬಹಳ ಸುಂದರ – ವಿದುಷಿ ಬಾಚಲೆ." ಬಾಚಲೆ ಪೇಟೆಗೆ ಬಂದು ಕಿರುಚಾಡಿದಳು. ಕ್ಯಾಮೆರಾದ ಬಗ್ಗೆ ಅವಳಿಗಿರುವ ಭಾವಾವೇಶವನ್ನು ಜನ ಮೆಚ್ಚಿಕೊಂಡರು.

ಉತ್ಸವದ ದಿನ ನೆತ್ತಿಯ ಮೇಲೆ ಸೂರ್ಯ. ಕೋಟೆಯ ಬಯಲಿನಲ್ಲಿ ಊರಿಗೆ ಊರೇ ಕೈಯೆತ್ತಿ ನಿಂತಿತ್ತು. ಮದ್ದಳೆಯವನ ಕೈ ಮದ್ದಳೆಗೆ ತಾಗದೆ ನಡುಗಾಳಿಯಲ್ಲಿತ್ತು. ತೆರೆದ ಬಾಯಿಗಳಲ್ಲಿ ನೊಣಗಳು ಬಂದುಹೋಗುತ್ತಿದ್ದವು. ಮಹಾರಾಜ ಸಿಂಹಾಸನದಲ್ಲಿ ಮಂದಹಾಸ ಬೀರುತ್ತ ಕುಳಿತ. ತಿಪ್ಪರಸ ಕ್ಯಾಮೆರಾದ ಪಕ್ಕದಲ್ಲಿ ಶಾಲು ಹೊದ್ದು ನಿಂತ. ಗುಂಡಿ ಒತ್ತಿದರು. ದಿವ್ಯಚಕ್ಷು ಯೋಚಿಸಿತು. ಜನ ಕಾದರು. ಅದು ಇನ್ನೂ ಯೋಚಿಸಿತು.

ಕೊನೆಗೆ ಚಿತ್ರ ಬಂತು. ದೊಡ್ಡ ಪರದೆಯ ಮೇಲೆ ಅದನ್ನು ಮೂಡಿಸಿದಾಗ ಸಭೆ ಬೆರಗಾಯಿತು. ಒಬ್ಬೊಬ್ಬ ಪ್ರಜೆಯ ಹಲ್ಲೂ ಎಣಿಸುವಂತಿತ್ತು. ಬಾವುಟಗಳು ರೊಟ್ಟಿಯಂತೆ ಗಟ್ಟಿಯಾಗಿ ನಿಂತಿದ್ದವು.

"ಇದೇನು?" ಎಂದು ಮಹಾರಾಜ ಒಂದು ಮೂಲೆಗೆ ಬೆರಳು ತೋರಿಸಿದ. ಅಲ್ಲಿ ಹಸಿರು ಬಣ್ಣದ ಒಂದು ಗೀಚು ಇತ್ತು. ಅದರ ಕೆಳಗೆ ಇನ್ನೊಂದು, ಕೆಂಪು.

ತಿಪ್ಪರಸ ಒಂದೇ ನೋಟಕ್ಕೆ ಗುರುತು ಹಿಡಿದ. ಬೆಳಿಗ್ಗೆ ಹೊನ್ನಾಂಬೆ ಉಟ್ಟು ಹೊರಟದ್ದು ಹಸಿರು ಸೀರೆ. ಕೆಂಪು, ಪಕ್ಕದ ಮನೆಯ ತುಂಬು ಬಸುರಿಯದು. ಅವಳು ಬಿಸಿಲಿಗೆ ತಲೆಸುತ್ತಿ ಬಿದ್ದಿದ್ದಳು. ಹೊನ್ನಾಂಬೆ ಎತ್ತಿದ ಕೈ ಇಳಿಸಿ ಅವಳನ್ನು ಹಿಡಿದುಕೊಂಡಿದ್ದಳು. ಇಡೀ ಬಯಲಿನಲ್ಲಿ ಅಲುಗಾಡಿದ್ದು ಇವರಿಬ್ಬರೇ.

"ಅಲುಗಾಡಿದವರು ಯಾರು?" ಮಹಾಮಂತ್ರಿ ದಂಡನಾಯಕನತ್ತ ತಿರುಗಿದ. "ಹೆಸರು ಪತ್ತೆ ಮಾಡಿ!"

"ಧೂಳು ಪ್ರಭು," ಎಂದ ತಿಪ್ಪರಸ. "ಲೆನ್ಸಿನ ಮೇಲಿನ ಧೂಳು. ಹೊಸ ಕ್ಯಾಮೆರಾದಲ್ಲಿ ಹೀಗಾಗುವುದುಂಟು. ಚಿತ್ರದಲ್ಲಿ ಯಾವ ದೋಷವೂ ಇಲ್ಲ. ಐದಕ್ಕೆ ಐದು ನಕ್ಷತ್ರ."

ಮಹಾರಾಜ ಸಿಂಹಾಸನದಿಂದಿಳಿದು ಬಂದು ಅವನನ್ನು ಅಪ್ಪಿಕೊಂಡ. "ಇವನಲ್ಲವೇ ತಜ್ಞ!" ತಿಪ್ಪರಸ ಅಲ್ಲಿಯೇ, ಆಗಲೇ 'ರಾಜವಿಮರ್ಶಕ ಶಿರೋಮಣಿ'ಯಾದ. ತಲೆಗೆ ಜರಿಪೇಟ ಬಂತು.

"ಆದರೆ ಈ ಧೂಳು ಎಲ್ಲಿಂದ ಬರುತ್ತದೆ?" ಎಂದು ಮಹಾರಾಜ ಕೇಳಿದ.

"ಪ್ರಜೆಗಳ ಕಾಲಿನಿಂದ ಪ್ರಭು," ಎಂದ ಮಹಾಮಂತ್ರಿ. ಲೆನ್ಸು ಒರೆಸುವ ಬಟ್ಟೆಯ ವ್ಯಾಪಾರವನ್ನು ಅವನ ಭಾವಮೈದ ಆ ಸಂಜೆಯೇ ಶುರುಮಾಡಿದ. ರಾಜ್ಯದಲ್ಲಿ ಕಾಲಿರುವವರೆಲ್ಲ ಧೂಳು ಕರ ಕಟ್ಟತಕ್ಕದ್ದು ಎಂದು ಡಂಗುರ ಸಾರಲಾಯಿತು.

ತಿಪ್ಪರಸ ಪೇಟ ಕೈಯಲ್ಲಿ ಹಿಡಿದು ಮನೆಗೆ ಬಂದ. ಹೊನ್ನಾಂಬೆ ಪಕ್ಕದ ಮನೆಯಿಂದ ಆಗತಾನೆ ಬಂದು ಕಾಲು ತೊಳೆಯುತ್ತಿದ್ದಳು.

"ಹೇಗಿದ್ದಾಳೆ?" ಎಂದು ಕೇಳಿದ.

"ಎಚ್ಚರ ಬಂತು. ಗಂಜಿ ಕುಡಿದಳು." ಪೇಟದ ಕಡೆ ನೋಡಿದಳು. "ಚಿತ್ರದಲ್ಲಿ ನಾವು ಕಾಣಿಸಿರಬೇಕು ಅಲ್ಲವೇನ್ರೀ? ಏನಂದಿರಿ ನೀವು?"

"ಧೂಳು ಅಂದೆ."

ಹೊನ್ನಾಂಬೆ ಕಾಲಿನ ಮೇಲೆ ಇನ್ನೊಂದು ಚೊಂಬು ನೀರು ಸುರಿದುಕೊಂಡಳು. ಸಿಟ್ಟಾದಳೋ, ಉಳಿಸಿದನಲ್ಲ ಎಂದುಕೊಂಡಳೋ ಅವನಿಗೆ ತಿಳಿಯಲಿಲ್ಲ. ಅವಳು ಒಳಗೆ ಹೋಗಿ ಎಲೆ ಹಾಕಿದಳು.

ಮರುದಿನ ಬೆಳಿಗ್ಗೆ ಕರ ಕಟ್ಟುವ ಸಾಲು ಕೋಟೆಬಾಗಿಲು ದಾಟಿ ಕೆರೆಯವರೆಗೆ ಬೆಳೆದಿತ್ತು. ಹೊನ್ನಾಂಬೆಯೂ ನಿಂತಳು. ಅವಳ ಸರದಿ ಬಂದಾಗ ಗುಮಾಸ್ತ ಎದ್ದುನಿಂತು ಕೈಮುಗಿದ. "ಅಮ್ಮಾ, ತಾವೇಕೆ ಬಂದಿರಿ? ಶಿರೋಮಣಿಗಳ ಮನೆಗೆ ಕರ ಮಾಫಿ."

"ಪಕ್ಕದ ಮನೆಯವಳದು, ಅವಳ ಹೊಟ್ಟೆಯಲ್ಲಿರೋ ಮಗುವಿನದು, ನನ್ನದು," ಎಂದು ಹೊನ್ನಾಂಬೆ ದುಡ್ಡನ್ನು ಹಲಗೆಯ ಮೇಲಿಟ್ಟಳು. "ಹುಟ್ಟೋಕೆ ಮುಂಚೆಯೇ ಒದೀತಾ ಇದೆ. ಈಗಲೇ ಕಟ್ಟಿಬಿಟ್ಟರೆ ಒಳ್ಳೇದು."

ಗುಮಾಸ್ತ ದುಡ್ಡು ಎಳೆದುಕೊಂಡು ರಸೀದಿ ಹರಿದುಕೊಟ್ಟ. ಹಿಂದಿನವರು ಒಂದು ಹೆಜ್ಜೆ ಮುಂದೆ ಬಂದರು.