ಒಂದು ಸೈಜ್ ದೊಡ್ಡ ಕೈಗವಸು

ಈ ಕೈಗವಸಿನ ಜೋಡಿಗೆ ನಾನು ಕೊಟ್ಟದ್ದು ತೊಂಬತ್ತು ಡಾಲರ್. ಅಂಗಡಿಯವನು ಹೇಳಿದ್ದು ನೂರಾ ನಲವತ್ತು. ಇಳಿಸಿದ್ದು ಹೇಗೆಂದು ಆಮೇಲೆ ಹೇಳುತ್ತೇನೆ, ಕಲಿತುಕೊಂಡರೆ ಲಾಭ ನಿಮ್ಮದೇ. ಹಿಮ ಬೀಳುವುದಕ್ಕೆ ಇನ್ನೂ ತಿಂಗಳಿರುವಾಗ ಅಷ್ಟು ದುಡ್ಡು ಸುರಿದು ಕೈಗವಸು ಯಾಕೆ ಕೊಂಡೆ? ನನ್ನ ಅಳಿಯನಿಗಾಗಿ. ಅವನು ಕೂತುಕೊಳ್ಳುವುದಕ್ಕೆ ಸಂಬಳ ಪಡೆಯುವ ಮನುಷ್ಯ.

ತಮಾಷೆಯಲ್ಲ. ಅಳಿಯ ಝೆಕ್ ದೇಶದವನು, ವೃತ್ತಿಯಲ್ಲಿ ಫುಟ್‌ಬಾಲ್ ಗೋಲ್‌ಕೀಪರ್. ಆದರೆ ಎರಡನೆಯ ಗೋಲ್‌ಕೀಪರ್. ಮೊದಲನೆಯವನಿಗೆ ಪೆಟ್ಟಾದರೆ ಇವನು ಆಡಬೇಕು, ಅಲ್ಲಿಯವರೆಗೆ ಬೆಂಚಿನ ಮೇಲೆ ಕೂತಿರಬೇಕು. ಹದಿನೇಳು ವರ್ಷ, ನಾಲ್ಕು ದೇಶ, ಏಳು ಕ್ಲಬ್ಬು. ಎಲ್ಲ ಕಡೆಯೂ ಬೆಂಚು. ಮೊದಲನೆಯವರೋ, ಒಬ್ಬೊಬ್ಬರದೂ ಕಲ್ಲುಗುಂಡಿನಂಥ ಆರೋಗ್ಯ!

"ಈ ವರ್ಷ ಎಷ್ಟು ಮ್ಯಾಚ್ ಆಡೀಯೋ?"

"ಒಂದೂ ಇಲ್ರಿ ಮಾವಾರ."

"ಪಗಾರ?"

"ಪೂರಾ ಬರತೈತ್ರಿ."

ಬ್ರ್ಯಾಂಪ್ಟನ್‌ನಲ್ಲಿ ಮುರುಕು ಪ್ಯಾಲೆಟ್ಟುಗಳನ್ನು, ಅಂದರೆ ಲಾರಿಗೆ ಸರಕು ಹೇರುವ ಮರದ ಹಲಗೆಗಳನ್ನು, ಕೊಂಡು ರಿಪೇರಿ ಮಾಡಿ ಮಾರುವವನು ನಾನು. ಇಷ್ಟು ವರ್ಷಗಳ ವ್ಯಾಪಾರದಲ್ಲಿ ಇಂಥ ಕಾಂಟ್ರಾಕ್ಟನ್ನು ಯಾರಿಂದಲೂ ಬರೆಸಿಕೊಳ್ಳಲು ನನಗೆ ಆಗಿಲ್ಲ. ಅಂದಿನಿಂದ ಅವನ ಮೇಲೆ ಗೌರವ ಹುಟ್ಟಿತು. ಅವನ ಕನ್ನಡ ನನ್ನ ಹೆಂಡತಿಯ ಅಡಿಗೆಮನೆಯಲ್ಲಿ ಕಲಿತದ್ದು, ಹಾಗಾಗಿ ಅಪ್ಪಟ ಹುಬ್ಬಳ್ಳಿಯದು. ನನ್ನ ಮಗಳಿಗೇ ಅಷ್ಟು ಬರುವುದಿಲ್ಲ.

ಮಗಳು ಅವನನ್ನು ಮೊದಲ ಸಲ ಮನೆಗೆ ಕರೆತಂದಾಗ ನಾನು ಆರು ಆಕ್ಷೇಪಣೆಗಳನ್ನು ತಯಾರು ಮಾಡಿಟ್ಟುಕೊಂಡು ಸೋಫಾದಲ್ಲಿ ಕೂತಿದ್ದೆ. ಅವನು ಒಳಗೆ ಬರುವ ಮುನ್ನ ಬಾಗಿಲ ಚೌಕಟ್ಟಿನ ಎಡಗಡೆ ಮುಟ್ಟಿದ, ಬಲಗಡೆ ಮುಟ್ಟಿದ, ಸಣ್ಣಗೆ ಹಾರಿ ಮೇಲೂ ಮುಟ್ಟಿದ. ಹೆಂಡತಿ ಕರಗಿಹೋದಳು.

"ನೋಡ್ರಿ, ಬಾಗಲಕ್ಕ ಹೆಂಗ ನಮಸ್ಕಾರ ಮಾಡಿದ! ನಿಮ್ಮ ತಮ್ಮನ ಮಕ್ಕಳು ಬೂಟು ಹಾಕ್ಕೊಂಡ ದೇವರ ಖೋಲಿತನಕ ಬರತಾವು."

ಆರೂ ಆಕ್ಷೇಪಣೆಗಳು ಬಿದ್ದುಹೋದವು. ಆಟಕ್ಕೆ ಮುಂಚೆ ಗೋಲಿನ ಕಂಬಗಳನ್ನು ಮುಟ್ಟುವುದು ಅವನ ಚಟ ಎಂದೂ, ಯಾವ ಬಾಗಿಲನ್ನೂ ಅವನು ಬಿಡುವುದಿಲ್ಲ, ಶಾಪಿಂಗ್ ಮಾಲಿನ ಶೌಚಾಲಯದ್ದನ್ನೂ, ಎಂದೂ ತಿಳಿಯುವಷ್ಟರಲ್ಲಿ ಮದುವೆ ಹಾಲ್ ಬುಕ್ ಆಗಿತ್ತು. ಮುಂಗಡ ವಾಪಸು ಕೊಡುವ ಪದ್ಧತಿ ಹಾಲ್‌ನವರಲ್ಲಿ ಇರಲಿಲ್ಲ.

ಮದುವೆಯ ಕಥೆಯನ್ನು ಕೇಳಿ. ಮಾಂಗಲ್ಯ ಕಟ್ಟಿದ್ದಾಯಿತು, ಇನ್ನೂರು ಜನ ಒಮ್ಮೆಲೇ ಅಕ್ಷತೆ ಎಸೆದರು. ಅಳಿಯ ಚಂಗನೆ ಎದ್ದು, ಮಗಳನ್ನು ಬೆನ್ನ ಹಿಂದೆ ಹಾಕಿಕೊಂಡು, ಎರಡೂ ಕೈ ಚಾಚಿ ನಿಂತುಬಿಟ್ಟ! ಮಂತ್ರ ನಿಂತಿತು. ಮಗಳು ಹಿಂದಿನಿಂದ ಕೂಗಿದಳು:

"ಬೇಬ್, ಇಟ್ಸ್ ಎ ಬ್ಲೆಸಿಂಗ್! ಲೆಟ್ ಇಟ್ ಇನ್!"

ಅವಳ ತಲೆಯ ಮೇಲೆ ಒಂದು ಕಾಳೂ ಬಿದ್ದಿರಲಿಲ್ಲ. ಮತ್ತೊಂದು ಸೇರು ಅಕ್ಕಿಗೆ ಅರಿಶಿನ ಕಲಸಬೇಕಾಯಿತು. ಅವನ ವೃತ್ತಿಜೀವನದಲ್ಲಿ ಇಷ್ಟು ಜನ ಒಟ್ಟಿಗೆ ಅವನ ಆಟ ನೋಡಿದ್ದು ಅಂದೇ ಇರಬೇಕು.

ಇನ್ನು ಕೈಗವಸಿಗೆ ಬರೋಣ. ಕಳೆದ ಅಕ್ಟೋಬರಿನಲ್ಲಿ ಕ್ಲಬ್ಬಿನವರು ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ ಎಂದರು. ಅವನಿಗೆ ಮೂವತ್ತೆಂಟು. ಇಲ್ಲಿನ ಮೈದಾನದಲ್ಲಿ ಒಂದೇ ಒಂದು ಪಂದ್ಯ ಬಾಕಿ. ನಾನು ತಡಮಾಡದೆ ಗೋದಾಮಿನಲ್ಲಿ ಕೆಲಸ ಕೊಡುತ್ತೇನೆ ಎಂದೆ.

"ಬರತೀನ್ರಿ ಮಾವಾರ. ಆದರ ಒಂದ ಮ್ಯಾಚ್ ಆಡಿ ಬರಬೇಕಂತ ಭಾಳ ಆಸೆ ಐತ್ರಿ. ಬೆಂಚಿನ ಮ್ಯಾಲಿಂದ ಎದ್ದು ಹಂಗ ಮನಿಗೆ ಹೋಗಾಕ ಮನಸ್ಸು ಬರವಲ್ದು."

ಯಾವಾಗಲೂ ನಗುವ ಹುಡುಗ, ಅಂದು ನಗಲಿಲ್ಲ.

ಪಂದ್ಯದ ಹಿಂದಿನ ದಿನ ಆಯುಧಪೂಜೆ. ಹೆಂಡತಿ ಫೋರ್ಕ್‌ಲಿಫ್ಟಿನ ಕೀಲಿ, ಡ್ರಿಲ್ಲು, ನನ್ನ ಕ್ಯಾಲ್ಕ್ಯುಲೇಟರು, ಎಲ್ಲವನ್ನೂ ಸಾಲಾಗಿ ಇಟ್ಟಳು. ಅಳಿಯನ ಆಯುಧ ಬಿಡಲಾದೀತೇ? ಅವನ ಬ್ಯಾಗಿನಿಂದ ಕೈಗವಸು ತೆಗೆದಳು. ಅದರ ಅಂಗೈಗೆ ಮೆತ್ತನೆಯ ರಬ್ಬರು, ಚೆಂಡು ಅಂಟಿಕೊಳ್ಳಲೆಂದು. ಒಣ ಕುಂಕುಮ ಅದಕ್ಕೆ ಹತ್ತಲಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಭಕ್ತಿಯಿಂದ, ದಪ್ಪಗೆ ಬಳಿದಳು.

ಮಂಗಳಾರತಿ ಮುಗಿಯುವ ಹೊತ್ತಿಗೆ, ಪೂಜೆಗೆಂದು ರಜೆ ಕೇಳಿ ಮನೆಯಲ್ಲಿದ್ದ ಅಳಿಯನಿಗೆ ಕ್ಲಬ್ಬಿನಿಂದ ಫೋನು ಬಂತು. ಅಭ್ಯಾಸದಲ್ಲಿ ಮೊದಲನೆಯವನ ಬೆರಳು ಮುರಿದಿದೆ. ನಾಳೆ ನೀನೇ ಆಡಬೇಕು, ಈಗಲೇ ಬಾ!

ಅಳಿಯ ಕುಣಿದು ಕೈಗವಸು ತೊಟ್ಟ. ನಾನು ಎಸೆದ ಚೆಂಡು ಅವನ ಅಂಗೈಯಿಂದ ಮೀನಿನಂತೆ ಜಾರಿತು. ಬೇರೆ ಜೋಡಿ ಇರಲಿಲ್ಲವೇ ಎನ್ನುತ್ತೀರಿ. ಇದ್ದವು, ಇನ್ನೂ ಎರಡು. ನನ್ನ ಹೆಂಡತಿ ಭೇದಭಾವ ಮಾಡುವವಳಲ್ಲ.

ಅವನು ಅಭ್ಯಾಸಕ್ಕೆ ಓಡಿದ. "ಸೈಜ್ ಹತ್ತು ರೀ ಮಾವಾರ" ಎಂದು ಹೇಳಿ ಹೋದ. ಮಗಳೂ ನಾನೂ ಅಂಗಡಿಗೆ ಹೋದೆವು. ಚೌಕಾಸಿಯ ಗುಟ್ಟು ಇಷ್ಟೇ: ಬೆಲೆ ಕೇಳಿ, ನಿಟ್ಟುಸಿರು ಬಿಟ್ಟು, ಬಾಗಿಲ ಕಡೆ ನಡೆಯಬೇಕು. ಈ ದೇಶದವರಿಗೆ ಇದರ ಅಭ್ಯಾಸವಿಲ್ಲ, ಗಾಬರಿಯಾಗುತ್ತಾರೆ.

"ಅಪ್ಪಾ, ಪ್ಲೀಸ್! ಇದು ಮಾಲ್!"

ಮೂರನೆಯ ಸಲ ನಡೆದಾಗ ಅಂಗಡಿಯವನು ಬಗ್ಗಿದ, ಆದರೆ ಯಾರೂ ಕೊಳ್ಳದೆ ಉಳಿದ ಹನ್ನೊಂದನೆಯ ಸೈಜಿಗೆ ಮಾತ್ರ. ತೆಗೆದುಕೊಂಡೆ. ಮಕ್ಕಳ ಬೂಟು, ಅಂಗಿ, ಎಲ್ಲವನ್ನೂ ಒಂದು ಸೈಜ್ ದೊಡ್ಡದಾಗಿಯೇ ತಂದು ಬೆಳೆಸಿದವನು ನಾನು.

"ಇರಲಿ ಬಿಡವ್ವ, ಬೆಳೀತಾನ."

"ಅಪ್ಪಾ! ಹೀ ಈಸ್ ಥರ್ಟಿ ಎಯ್ಟ್!"

ಮರುದಿನ ಆಟಕ್ಕೆ ಮುಂಚೆ ಅವನು ತೊಟ್ಟು ನೋಡಿದ. ಬೆರಳ ತುದಿಯಲ್ಲಿ ಅರ್ಧ ಇಂಚು ಖಾಲಿ. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಬೈಗುಳಕ್ಕೆ ನಾನು ತಯಾರಾದೆ. "ಚಲೋ ಅದಾವ್ರಿ" ಎಂದಷ್ಟೇ ಹೇಳಿ ಹೋಗಿ ಕಂಬಗಳನ್ನು ಮುಟ್ಟಿದ.

ನಮ್ಮವರು ಒಂದು ಗೋಲು ಮುಂದಿದ್ದರು. ಕೊನೆಯ ನಿಮಿಷದಲ್ಲಿ ಎದುರಾಳಿ ಮೇಲಿನ ಮೂಲೆಗೆ ಗುರಿಯಿಟ್ಟು ಒದ್ದ. ಅಳಿಯ ಹಾರಿದ. ಬೆರಳು ಎಟುಕಲಿಲ್ಲ, ನಾನು ಕಣ್ಣಾರೆ ಕಂಡೆ. ಎಟುಕಿದ್ದು ಆ ಖಾಲಿ ಅರ್ಧ ಇಂಚು! ಚೆಂಡು ಅದನ್ನು ಸವರಿ, ಕಂಬಕ್ಕೆ ಬಡಿದು, ಹೊರಗೆ ಹೋಯಿತು.

"ಸೈಜ್ ಹನ್ನೊಂದು! ನಾನ ತಂದಿದ್ದು!" ಎಂದು ನಮ್ಮ ಸಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ವಿವರಿಸಿದೆ. ಹೆಂಡತಿ, ಇದು ನಿನ್ನೆಯ ಪೂಜೆಯ ಫಲ ಎಂದಳು.

ಗೆದ್ದ ಮೇಲೆ ಅವನು ಬೇಲಿಯ ಹತ್ತಿರ ಬಂದ. ಕೈಗವಸು ಬಿಚ್ಚಿರಲಿಲ್ಲ.

"ಮಾವಾರ, ನಾ ಏಳು ವರ್ಷದವ ಇದ್ದಾಗ ನಮ್ಮಪ್ಪ ಮೊದಲನೇ ಜೋಡಿ ತಂದಿದ್ರು. ಒಂದ ಸೈಜ್ ದೊಡ್ಡದು. ಬೆಳೀತಾನ ಅಂತ. ಅದು ನನ್ನ ಕೈಗೆ ಸರಿ ಆಗೂದರಾಗ ಅವರ ಇರಲಿಲ್ರಿ. ಆಮ್ಯಾಲೆ ಯಾರೂ ನನಗ ದೊಡ್ಡದು ತಂದಿರಲಿಲ್ಲ ನೋಡ್ರಿ."

ತೊಂಬತ್ತಕ್ಕೆ ಸಿಕ್ಕಿತು ಎಂದು ಹೇಳಲು ತೆರೆದಿದ್ದ ಬಾಯನ್ನು ಮುಚ್ಚಿಕೊಂಡೆ. ಇಳಿಸಿದ ಬೆಲೆಯನ್ನು ನಾನು ಹೇಳದೆ ಬಿಟ್ಟದ್ದು ಜೀವನದಲ್ಲಿ ಅದೊಂದೇ ಸಲ. ಈಗ ಅವನು ಗೋದಾಮಿಗೆ ಬರುತ್ತಾನೆ. ಶಟರಿನ ಎರಡೂ ಕಡೆ ಮುಟ್ಟಿಯೇ ಒಳಗೆ ಕಾಲಿಡುತ್ತಾನೆ. ಯಾರೂ ನೋಡದಿದ್ದಾಗ ನಾನೂ ಒಮ್ಮೊಮ್ಮೆ ಮುಟ್ಟುತ್ತೇನೆ.

ಆದ್ದರಿಂದ ನೀವೂ ಗಮನಿಸಿ. ರಬ್ಬರಿಗೆ ಎಣ್ಣೆ ತಾಗಿಸಬೇಡಿ. ಬಾಗಿಲ ತನಕ ನಡೆಯಲು ನಾಚಬೇಡಿ. ರಸೀದಿ ಜೋಪಾನವಾಗಿಡಿ. ಅಳಿಯನಿಗೆ ಏನೇ ತಂದರೂ ಒಂದು ಸೈಜ್ ದೊಡ್ಡದೇ ತನ್ನಿ, ಅವನ ವಯಸ್ಸು ಎಷ್ಟೇ ಆಗಿರಲಿ. ಕೊಡುವಾಗ ಬೆಲೆಯ ಚೀಟಿ ಮಾತ್ರ ಕಿತ್ತು ಕೊಡಿ.