ನೆಗಡಿಗೆ ಗ್ರೀಕ್ ನಾಮಕರಣ

ಬರುವ ದಸರೆಯೊಳಗೆ ಪುಣೆಯ ಡಾಕ್ಟರರೆಲ್ಲ ನನ್ನ ಮುಂದೆ ಕೈಕಟ್ಟಿ ನಿಲ್ಲಬೇಕು! ಹಳೆ ಪುಸ್ತಕದ ಅಂಗಡಿಯಲ್ಲಿ ವೈದ್ಯಕೀಯ ಶಬ್ದಕೋಶವೊಂದು ಸಿಕ್ಕ ದಿನ ನಾನು ಮಾಡಿದ ಭೀಷ್ಮಪ್ರತಿಜ್ಞೆ ಇದು. ಧಾರವಾಡದಿಂದ ಬಂದು ಇಲ್ಲಿನ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುವ ನನಗೆ ಧಾತು, ಪ್ರತ್ಯಯಗಳೆಂದರೆ ಮನೆಯ ಆಳುಗಳಿದ್ದಂತೆ. ಗ್ರೀಕಿನವು ಮಾತ್ರ ಮಾತು ಕೇಳದೆ ಎಲ್ಲಿಗೆ ಹೋದಾವು? ‘ಐಟಿಸ್’ ಎಂದರೆ ಉರಿಯೂತ. ಅಂಗದ ಹೆಸರಿನ ಬಾಲಕ್ಕೆ ಅದನ್ನು ಕಟ್ಟಿದರೆ ರೋಗ ಸಿದ್ಧ! ಮಲೇರಿಯಾ ಎಂದರೆ ಇಟಲಿಯವರ ‘ಕೆಟ್ಟ ಗಾಳಿ’, ಅಷ್ಟೆ.

ಮೊದಲ ರೋಗಿ ನನ್ನ ಹೆಂಡತಿ ಭಾಮಾ.

“ತಲಿ ಭಾಳ ಸಿಡೀಲಿಕತ್ತದ್ರಿ.”

“ಅದಕ್ಕ ಸೆಫಲಾಲ್ಜಿಯಾ ಅಂತಾರ. ಸೆಫಲಿ ಅಂದ್ರ ತಲಿ, ಆಲ್ಜಿಯಾ ಅಂದ್ರ ನೋವು.”

“ಅದು ನನಗೂ ಗೊತ್ತದ. ಹೋಗೂ ಉಪಾಯ ಹೇಳ್ರಿ.”

ಉಪಾಯ ಪುಸ್ತಕದಲ್ಲಿರಲಿಲ್ಲ. ಅವಳು ಸುಂಠಿ ಅರೆದು ಹಚ್ಚಿಕೊಂಡಳು.

ಮಗಳು ಸುಲಭಾಳನ್ನು ನೋಡಲು ದೌಂಡದಿಂದ ಬೀಗರಾಗುವವರು ಬರುವ ದಿನ ಬಂತು. ಹುಡುಗ ಪ್ರಲ್ಹಾದನಿಗೆ ರೇಲ್ವೆಯಲ್ಲಿ ನೌಕರಿ. ಎಷ್ಟೋ ಜಾತಕಗಳು ಮುರಿದ ಮೇಲೆ ಕೂಡಿಬಂದ ಸಂಬಂಧ. ಇದೂ ತಪ್ಪಿದರೆ ಭಾಮಾ ನನಗೆ ಅನ್ನ ಹಾಕುವುದು ಅನುಮಾನವಿತ್ತು. ಅಂದು ಬೆಳಿಗ್ಗೆಯೇ ಸುಲಭಾಳ ಮೂಗು ಸೋರತೊಡಗಿತು!

ನಾವು ಬಾಡಿಗೆಗಿದ್ದ ವಾಡೆಯ ಅಂಗಳದಲ್ಲಿ ಮಾಲಕರಾದ ಬಾಳಕೃಷ್ಣಪಂತರು ಮರಾಠಿಯಲ್ಲಿ ಕೇಳಿದರು: “ಮಗಳಿಗೆ ಆರಾಮ ಇಲ್ಲವೇ?”

ನೆಗಡಿ ಎನ್ನಬಹುದಿತ್ತು. ಆದರೆ ವಿದ್ವಾಂಸನ ಬಾಯಿ ಸುಮ್ಮನಿರಬೇಕಲ್ಲ! “ಅಕ್ಯೂಟ್ ರೈನೈಟಿಸ್” ಎಂದೆ.

“ಅಂಟುತ್ತದೆಯೇ?”

“ಅಂಟದೆ ಬಿಡುತ್ತದೆಯೇ? ವಾಡೆಯಲ್ಲಿ ಒಬ್ಬರೂ ಉಳಿಯಲಿಕ್ಕಿಲ್ಲ!”

ಅದು ಪ್ಲೇಗಿನ ವರ್ಷ. ಸತ್ತ ಇಲಿ ಕಂಡರೆ ಓಣಿಯೇ ಊರ ಹೊರಗಿನ ಗುಡಿಸಲಿಗೆ ಓಡುತ್ತಿತ್ತು. “ಅರೇ ದೇವಾ!” ಎಂದ ಪಂತರು ಜೋಡು ಮೆಟ್ಟದೆ ಓಡಿದವರು, ಮರಳಿದ್ದು ಪ್ಲೇಗಿನ ತಪಾಸಣೆಯವರೊಂದಿಗೆ.

“ರೋಗಿಯನ್ನು ಆಮೇಲೆ ನೋಡೋಣ, ಮೊದಲು ಮನೆ ಖಾಲಿ ಮಾಡಿ!” ಎಂದರು ಅವರು. ಹಾಸಿಗೆ, ಪಾತ್ರೆ, ಉಪ್ಪಿನಕಾಯಿ ಭರಣಿ, ಕುಲದೇವರ ಪೆಟ್ಟಿಗೆ, ಎಲ್ಲ ಅಂಗಳಕ್ಕೆ ಬಂದವು. ನೆಲಕ್ಕೆ ಫಿನೈಲ್, ಗೋಡೆಗೆ ಸುಣ್ಣ. ಬೀಗರಿಗೆಂದು ಮಾಡಿದ ಶಿರಾದ ಮೇಲೂ ಒಂದಿಷ್ಟು ಸುಣ್ಣ ಸಿಡಿಯಿತು. ಜರಿಸೀರೆಯ ಸುಲಭಾ ಒರಳುಕಲ್ಲಿನ ಮೇಲೆ ಕೂತು ಅಳುತ್ತಿದ್ದಳು. ಅತ್ತಷ್ಟೂ ಮೂಗು ಇನ್ನಷ್ಟು ಸೋರಿತು.

ಅಷ್ಟರಲ್ಲಿ ಟಾಂಗಾ ಬಂದು ನಿಂತಿತು. ಹುಡುಗನ ತಂದೆ ರಾಘಣ್ಣನವರು ಇಳಿಯಲು ಒಂದು ಕಾಲು ಚಾಚಿದವರು ಹಾಗೆಯೇ ನಿಂತರು.

“ಇದೇನ್ರಿ, ಪ್ಲೇಗ?”

“ಪ್ಲೇಗ ಅಲ್ರಿ! ರೈನೈಟಿಸ್! ರೈನೋ ಅಂದ್ರ ಗ್ರೀಕದಾಗ ಮೂಗು...”

ಅವರು ಚಾಚಿದ ಕಾಲನ್ನು ಮೇಲೆಳೆದುಕೊಂಡರು. “ಗ್ರೀಕ ರೋಗ ಹುಡುಗಿಗೆ ಎಲ್ಲಿಂದ ಹತ್ತಿತು? ಏ ಟಾಂಗಾ, ತಿರುಗಿಸಪಾ!”

ಭಾಮಾ ಸೆರಗು ಬಿಗಿದು ಕುದುರೆಗೇ ಅಡ್ಡ ಬಂದು ನಿಂತಳು. “ನೆಗಡಿ ಆಗ್ಯದ್ರಿ! ಹುಡುಗಿಗೆ ಬರೇ ನೆಗಡಿ! ಇವರಿಗೆ ಹಿಡದದ್ದು ಆ ಹಾಳ ಪುಸ್ತಕದ ರೋಗ!”

ಸುಲಭಾ ಸೀನಿದಳು. ಟಾಂಗಾದ ಒಳಗಿನಿಂದ ಪ್ರಲ್ಹಾದನೂ ಅಷ್ಟೇ ಜೋರಾಗಿ ಸೀನಿದ!

ರಾಘಣ್ಣನವರು ಮಗನನ್ನು ನೋಡಿದರು, ಹುಡುಗಿಯನ್ನು ನೋಡಿದರು, ಬಿದ್ದು ಬಿದ್ದು ನಕ್ಕರು. “ನೆಗಡಿ ಏನ್ರಿ! ನಮ್ಮ ಹುಡುಗನೂ ದೌಂಡ ಬಿಟ್ಟಾಗಿನಿಂದ ಸೀನಿಕೋತ ಬಂದಾನ. ಕಷಾಯ ಇದ್ರ ಇಬ್ಬರಿಗೂ ಕೊಡ್ರಿ ತಾಯಿ.”

ಸುಣ್ಣ ಆರದ ಗೋಡೆಗೆ ಬೆನ್ನು ತಾಗಿಸದಂತೆ ಎಲ್ಲರೂ ನೆಟ್ಟಗೆ ಕೂತರು. ತಪಾಸಣೆಯವರೂ ಹುಡುಗಿಯನ್ನು ನೋಡಿ, ಕಷಾಯ ಕುಡಿದು ಹೋದರು. ಸಂಬಂಧ ಗಟ್ಟಿಯಾಯಿತು. ಏಳುವಾಗ ರಾಘಣ್ಣನವರು ಒಂದೇ ಕರಾರು ಹಾಕಿದರು.

“ಚೊಚ್ಚಲ ಬಾಣಂತನ ನಿಮ್ಮ ಮನ್ಯಾಗ. ಕೂಸನ್ನ ತೊಟ್ಟಲಕ್ಕ ಹಾಕಿ ಹೆಸರಿಡೂ ದಿನ ಮಾತ್ರ ಈ ಬೀಗರು ಊರಾಗ ಇರಬಾರದು. ಜೇಜುರಿಗೆ ಹೋಗಿ ಖಂಡೋಬಾನ ದರ್ಶನ ಮಾಡಿ ಬರಲಿ.”

“ನಾನ ಗಾಡಿ ಹತ್ತಿಸಿ ಬರ್ತೀನ್ರಿ” ಎಂದಳು ಭಾಮಾ.

ಈ ಅವಮಾನಕ್ಕೆ ತಕ್ಕ ಉತ್ತರ ಕೊಡಲು ನಾನು ಎದ್ದು ನಿಂತು ಬಾಯಿ ತೆರೆದೆ. ಬಂದದ್ದು ಸೀನು! ಅದರ ಹಿಂದೆ ಇನ್ನೊಂದು!

“ಏನಾತ್ರಿ ನಿಮಗ?” ಎಂದು ಭಾಮಾ ಕೇಳಿದಳು. ಬೀಗರು, ಅಳಿಯ, ಬಾಗಿಲಲ್ಲಿ ನಿಂತ ಪಂತರು, ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ.

“ನೆಗಡಿ” ಎಂದೆ.