ಮಹಾಶೂನ್ಯದಲ್ಲಿ ಮಾವನವರ ಚಡ್ಡಿ

ಮೊಂತೆವಿದೆಯೊ ನಗರದ ಆ ಪುಟ್ಟ ಮನೆಯಲ್ಲಿ ತನ್ನ ಪ್ರತಿಭೆಗೆ ಮೂರು ಕಾಸಿನ ಮರ್ಯಾದೆಯಿಲ್ಲ ಎಂಬುದು ಎಲಿಸೆಯೊನ ನಿತ್ಯದ ಗೋಳು. ಅವನೇನು ಸಾಮಾನ್ಯನೇ? ಊಟದ ಮೇಜನ್ನು ಗೋಡೆಗೆ ಒರಗಿಸಿ, ಹಜಾರದ ತುಂಬ ವೈರು ಹರಡಿ, ಸಾಕ್ಷಾತ್ ಒಂದು ಬ್ರಹ್ಮಾಂಡವನ್ನೇ ಸೃಷ್ಟಿಸಿದ್ದ. ಡಬ್ಬಿಯಂಥ ಕನ್ನಡಕವನ್ನು ಕಣ್ಣಿಗೆ ಕಟ್ಟಿಕೊಂಡರೆ ಸಾಕು, ಸುತ್ತಲೂ ಕೊನೆಯಿಲ್ಲದ ಬೂದು ಬಯಲು. ಹೆಸರು 'ಮಹಾಶೂನ್ಯ'. ಒಳಹೊಕ್ಕವರು ಗಾಳಿಯಲ್ಲಿ ಬೆರಳಾಡಿಸಿ ಬೇಕಾದ್ದನ್ನು ಮೂಡಿಸಬಹುದು. ಮೂಡಿದ್ದನ್ನು ಅಳಿಸಲು ಯಾರಿಗೂ, ಸೃಷ್ಟಿಕರ್ತನಿಗೂ, ಸಾಧ್ಯವಿಲ್ಲ. (ಅದೇ ಅದರ ತತ್ತ್ವವಂತೆ.) ಶನಿವಾರ ಬಂದರಿನ ಹಳೆಯ ಗೋದಾಮಿನಲ್ಲಿ ಪ್ರದರ್ಶನ.

"ತೊಡೆ ಮೇಲೆ ತಟ್ಟೆ ಇಟ್ಕೊಂಡು ಉಂಡು ಉಂಡು ಸಾಕಾಯ್ತು ಕಣ್ರೀ. ಮೇಜು ಯಾವಾಗ ಇಳಿಸ್ತೀರಿ?" ಹೆಂಡತಿ ನೀದಿಯಾ ಕೇಳಿದಳು.

"ಮನುಷ್ಯನ ಒಂಟಿತನದ ಬಗ್ಗೆ ಕೆಲಸ ಮಾಡ್ತಿದೀನಿ ಕಣೇ."

"ಮಾಡಿ ಮಾಡಿ. ಹೀಗೇ ಮುಂದುವರಿದ್ರೆ ಅದರ ಅನುಭವಾನೂ ಆಗುತ್ತೆ."

ಅಷ್ಟರಲ್ಲಿ ಅತ್ತೆ ದೋನ್ಯಾ ಸುಲ್ಮಾ ಬಂದರು. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಕಹಿ ಎಲೆಯ ಕಷಾಯ ತುಂಬಿದ ಸೋರೆಬುರುಡೆ. (ಆ ಕಷಾಯದ ಹೆಸರೇ ಮಾತೆ. ಹೀರಿದಷ್ಟೂ ಮಾತೇ ಮಾತು.) ಎಲಿಸೆಯೊನಿಗೆ ಮಿಂಚು ಹೊಡೆದಂತಾಯಿತು. ಮಹಾಶೂನ್ಯ ಕಂಡು ಈಕೆಯೇ ಮೂಕಳಾದರೆ ಇಡೀ ನಗರವೇ ಮೂಕವಾಗುವುದು ಖಂಡಿತ! ಮುಂದೆ ಬಂದು ಅತ್ತೆಯ ಕಣ್ಣಿಗೆ ತಾನೇ ಕನ್ನಡಕ ಕಟ್ಟಿದ.

"ಅಳಿಯಾ! ಇಷ್ಟು ದೊಡ್ಡ ಜಾಗ, ಕೂರೋಕೆ ಒಂದು ಕುರ್ಚಿ ಇಲ್ವಲ್ಲೋ?"

"ಅದು ಶೂನ್ಯ ಅತ್ತೇ. ಸುಮ್ಮನೆ ಅನುಭವಿಸಿ."

"ಶೂನ್ಯ ಏನು ಬಂತು? ಒಳ್ಳೇ ಬಯಲಿದೆ, ಬಟ್ಟೆ ಒಣಗುತ್ತೆ."

ಅಳಿಯ, ಮಗಳು ಪಕ್ಕದ ಪರದೆಯಲ್ಲಿ ನೋಡನೋಡುತ್ತಿದ್ದಂತೆ ಅತ್ತೆ ಬೆರಳಾಡಿಸಿ ಕುರ್ಚಿ ಮೂಡಿಸಿದರು. ಮಾಂಸ ಸುಡುವ ಒಲೆ ಮೂಡಿಸಿದರು. ದಿಗಂತದಿಂದ ದಿಗಂತಕ್ಕೆ ಹಗ್ಗ ಎಳೆದು, ಅದರ ಮೇಲೆ ದಿವಂಗತ ಗಂಡನ ಪಟ್ಟೆಪಟ್ಟೆ ಚಡ್ಡಿಯನ್ನು ಗುಡ್ಡದ ಗಾತ್ರದಲ್ಲಿ ನೇತುಹಾಕಿದರು.

"ಅಯ್ಯೋ, ನನ್ನ ಒಂಟಿತನ!" ಎಂದು ಎಲಿಸೆಯೊ ಕೂಗಿದ.

"ಎಲ್ಲಿ ಹೋಯ್ತು? ಪಾಪ, ಅಪ್ಪನ ಚಡ್ಡಿ ನೋಡಿ ಹೆದರಿರ್ಬೇಕು" ಎಂದಳು ನೀದಿಯಾ.

ಶನಿವಾರ ಗೋದಾಮು ಭರ್ತಿ. ಎಲಿಸೆಯೊ ಕಪ್ಪು ಅಂಗಿ ತೊಟ್ಟು ಅಸ್ತಿತ್ವ, ಅನಂತ, ಅಭಾವ ಎಂದು ಅಬ್ಬರಿಸಿದ. ಜನ ಗಂಭೀರವಾಗಿ ತಲೆಯಾಡಿಸಿದರು, ಗಂಭೀರವಾಗಿ ಕನ್ನಡಕ ಕಟ್ಟಿಕೊಂಡರು, ಮರುಕ್ಷಣವೇ ಕಿಸಕ್ಕನೆ ನಕ್ಕರು. ಒಬ್ಬ ಅತ್ತೆಯ ಕುರ್ಚಿಯ ಪಕ್ಕ ಬೆಂಚು ಮೂಡಿಸಿದ. ಇನ್ನೊಬ್ಬಳು ನಾಯಿ ತಂದಳು. ಬ್ಯಾಂಕಿನ ಮ್ಯಾನೇಜರೊಬ್ಬರು ತಮ್ಮ ಚಡ್ಡಿಯನ್ನೂ ಹಗ್ಗಕ್ಕೇರಿಸಿದರು. ಪರಿಚಯವೇ ಇಲ್ಲದವರು ಒಲೆಯ ಸುತ್ತ ಕುಳಿತು, ಹೋಗಿಬಿಟ್ಟ ತಂದೆತಾಯಿಯರ ಸುದ್ದಿ ಹೇಳಿಕೊಂಡು ನಗುತ್ತ ಅಳುತ್ತ ಇದ್ದರು.

ಪ್ರದರ್ಶನದ ನಿರ್ದೇಶಕಿ ಕಣ್ಣೊರೆಸಿಕೊಂಡು ಬಂದಳು. ಎಲಿಸೆಯೊ ಎದೆಯುಬ್ಬಿಸಿ ಕೈ ಚಾಚಿದ.

"ಅಪ್ಪಾ, ಸ್ವಲ್ಪ ಪಕ್ಕಕ್ಕೆ" ಎಂದು ಅವಳು ಅವನನ್ನು ಸರಿಸಿ, 'ಆ ಚಡ್ಡಿ ನಮ್ಮನೆಯವರದ್ದು' ಎಂದು ಹಿಂದೆ ನಿಂತು ಎಲ್ಲರಿಗೂ ಹೇಳುತ್ತಿದ್ದ ದೋನ್ಯಾ ಸುಲ್ಮಾರನ್ನು ತಬ್ಬಿಕೊಂಡಳು. "ಅಮ್ಮಾ, ಎಂಥಾ ಕಲೆ!"

"ಕಲೆಯಾ? ಎಲ್ಲಿ? ಒಗೆದೇ ಹಾಕಿದ್ದೆನಲ್ಲಮ್ಮಾ!"

ಮರುದಿನ ಗೋದಾಮಿನ ಬಾಗಿಲಲ್ಲಿ ಉದ್ದನೆಯ ಸಾಲು. ಅತ್ತೆ, ಮಗಳು ರಾಜಠೀವಿಯಿಂದ ಒಳಹೋದರು. ಹಿಂದೆ ವೈರಿನ ಮೂಟೆ ಹೊತ್ತಿದ್ದ ಎಲಿಸೆಯೊನನ್ನು ಕಾವಲುಗಾರ ತಡೆದ.

"ನೀವ್ಯಾರು?"

"ಈ ಲೋಕ ಸೃಷ್ಟಿಸಿದವನು!"

"ಬೆಳಿಗ್ಗೆಯಿಂದ ಹಾಗಂದವರು ನೀವೇ ಮೊದಲಲ್ಲ ಬಿಡಿ." ಅವನು ನಿರ್ದೇಶಕಿಗೆ ಫೋನು ಹಚ್ಚಿ ವಿಚಾರಿಸಿದ. ಆಮೇಲೆ ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಏನೋ ಬರೆದು ದಾರ ಕಟ್ಟಿ ಕೊಟ್ಟ. 'ಕಲಾವಿದೆಯ ಅಳಿಯ.'

ಎಲಿಸೆಯೊ ಅತ್ತಿತ್ತ ನೋಡಿ ಅದನ್ನು ಕೊರಳಿಗೆ ಹಾಕಿಕೊಂಡ. ಅದಿಲ್ಲದೆ ಒಳಗೆ ಬಿಡುತ್ತಿರಲಿಲ್ಲ.